ಮಡಚಿ ನಿಲ್ಲಿಸಿದ ಹಾಳೆ



1928ರ ಸುಮಾರು. ಜರ್ಮನಿಯ ಡೆಸಾವು ಪಟ್ಟಣದ ಬೌಹೌಸ್ ವಿನ್ಯಾಸ ಶಾಲೆಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳ ಮುಂದೆ ಮೇಷ್ಟ್ರು ಯೋಸೆಫ್ ಆಲ್ಬರ್ಸ್ ಒಂದು ಕಟ್ಟು ಪತ್ರಿಕೆ ತಂದು ಹಾಕಿದರು. ಇದರಲ್ಲಿ ಏನಾದರೂ ಮಾಡಿ, ಕಾಗದ ಪೋಲಾಗಬಾರದು ಎಂದು ಹೇಳಿ ಹೊರಟೇಬಿಟ್ಟರು. ತಿರುಗಿ ಬರುವಷ್ಟರಲ್ಲಿ ಕೋಟೆ, ವಿಮಾನ, ಪ್ರಾಣಿ ಎಲ್ಲ ಸಿದ್ಧ. ಅವರು ಮೆಚ್ಚಿದ್ದು ಮಾತ್ರ ಒಬ್ಬಾತ ಉದ್ದಕ್ಕೆ ಮಡಚಿ ನಿಲ್ಲಿಸಿದ್ದ ಬರೀ ಹಾಳೆಯನ್ನು. ಕೋಟೆಯನ್ನು ಕಲ್ಲಿನಲ್ಲಿ, ವಿಮಾನವನ್ನು ಲೋಹದಲ್ಲಿ ಇನ್ನೂ ಚೆನ್ನಾಗಿ ಮಾಡಬಹುದು. ಮೆತ್ತಗೆ ಬಿದ್ದಿರುವ ಕಾಗದ ಒಂದು ಮಡಿಕೆಯಿಂದ ಎದ್ದು ನಿಲ್ಲುತ್ತದಲ್ಲ, ಅದು ಕಾಗದಕ್ಕಷ್ಟೇ ಸಾಧ್ಯ.

ಪೋಸ್ಟರು, ಲಾಂಛನ, ಪುಸ್ತಕದ ಮುಖಪುಟ ಮಾಡುವ ಕಸುಬಿಗೆ ಈ ಕಾಗದದಾಟ ಏಕೆ ಎಂದು ಕೇಳಬಹುದು. ಕೈಗೆ ಬಂದ ಮೊದಲ ಯೋಚನೆಯನ್ನು ಬಿಟ್ಟುಕೊಡುವುದನ್ನು ಕಲಿಸಲು ಇದಕ್ಕಿಂತ ಅಗ್ಗದ ದಾರಿ ನನಗಂತೂ ಗೊತ್ತಿಲ್ಲ.

1933ರಲ್ಲಿ ನಾಜಿಗಳ ಕಾಟಕ್ಕೆ ಶಾಲೆ ಮುಚ್ಚಿತು, ಮೇಷ್ಟ್ರುಗಳು ದೇಶಾಂತರ ಹೋದರು, ಪಾಠವೂ ಅವರ ಜೊತೆ ಹೋಯಿತು.

ಭಾರತದಲ್ಲಿ ವಿನ್ಯಾಸ ಪಾಠದ ಕಥೆ ಚೊಂಬಿನಿಂದ ಶುರು. ನಮ್ಮ ಸರ್ಕಾರ ಕರೆಸಿಕೊಂಡ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಒಂದು ವರದಿ ಕೊಟ್ಟರು. ಈ ದೇಶದಲ್ಲಿ ಕಂಡ ವಸ್ತುಗಳಲ್ಲೆಲ್ಲ ಚೊಂಬೇ ಶ್ರೇಷ್ಠ ಎಂದ ಆ ದಂಪತಿ ಅದರ ಬಗ್ಗೆ ಪ್ರಶ್ನೆಗಳ ಸಾಲನ್ನೇ ಇಟ್ಟರು. ಎಷ್ಟು ನೀರು ಹಿಡಿಯಬೇಕು? ತಲೆಯ ಮೇಲೋ, ಸೊಂಟದ ಮೇಲೋ? ತುಂಬಿದಾಗ, ಬರಿದಾದಾಗ ತೂಕ ಎತ್ತ ವಾಲುತ್ತದೆ? ಅಂಗೈಗೆ ಹೇಗೆ ಕೂರುತ್ತದೆ? ಬೆಲೆ ಎಷ್ಟು?

ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಗೌತಮ್ ಮತ್ತು ಗೀರಾ ಸಾರಾಭಾಯಿ ಅದನ್ನು ಕಟ್ಟಿ ಬೆಳೆಸಿದರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಆರ್ಮಿನ್ ಹಾಫ್‌ಮನ್ ಬಂದು ಪಾಠ ಮಾಡಿದರು. ಕಪ್ಪು ಬಿಳುಪಿನಲ್ಲಿ, ಚುಕ್ಕೆ ಗೆರೆಗಳಲ್ಲೇ ಹೇಳಬೇಕಾದ್ದನ್ನು ಹೇಳಬಲ್ಲ ಮೇಷ್ಟ್ರು ಅವರು. 1971ರಲ್ಲಿ ಅದೇ ಸಂಸ್ಥೆಯ ಶೇಖರ್ ಕಾಮತ್ ಸ್ಟೇಟ್ ಬ್ಯಾಂಕಿಗೆ ಬರೆದ ನೀಲಿ ವೃತ್ತ ಇವತ್ತಿಗೂ ನಿಮ್ಮ ಪಾಸ್‌ಬುಕ್ಕಿನ ಮೇಲಿದೆ.

ಇನ್ನು ದೂರದರ್ಶನದ ಲಾಂಛನವಾದ ಕಣ್ಣು. ಅದನ್ನು ಬರೆದ ದೇವಾಶಿಶ್ ಭಟ್ಟಾಚಾರ್ಯ ಆಗಿನ್ನೂ ಅದೇ ಸಂಸ್ಥೆಯ ವಿದ್ಯಾರ್ಥಿ. ಹಾಕಿಕೊಟ್ಟಿದ್ದು ಒಂದು ತರಗತಿಯ ಅಭ್ಯಾಸ. ನಡುವೆ ಒಂದು ಗುಂಡು, ಸುತ್ತ ಎರಡು ಬಾಗು ಗೆರೆ, ಅಷ್ಟೆ. ಅದನ್ನೇ ಕ್ಯಾಮರಾದ ಕೆಳಗೆ ತಿರುಗಿಸಿ ಚಿತ್ರ ಹಿಡಿದರು. ಆ ಕಣ್ಣು ಹೊತ್ತು 1976ರಲ್ಲಿ ದೂರದರ್ಶನ ನಮ್ಮ ಆಕಾಶವಾಣಿಯಿಂದ ಪಾಲು ತೆಗೆದುಕೊಂಡು ಬೇರೆ ಹೋಯಿತು. ಅಣ್ಣನಿಗೆ ಕಣ್ಣಿನ ಅಗತ್ಯವಿರಲಿಲ್ಲ ಬಿಡಿ.

ಈಗ ಲಾಂಛನ ಬೇಕೆಂದರೆ ಕಂಪ್ಯೂಟರು ಚಹಾ ಆರುವುದರೊಳಗೆ ನೂರು ಮಾದರಿ ಸುರಿಯುತ್ತದೆ. ಆರಿಸುವುದೇ ಕಸುಬಾಗಿರುವ ಈ ಹೊತ್ತಿನಲ್ಲಿ, ವಿನ್ಯಾಸ ಕಾಲೇಜುಗಳ ಪ್ರವೇಶ ಪರೀಕ್ಷೆಗೂ ಬೆಂಗಳೂರಿನಲ್ಲಿ ಕೋಚಿಂಗ್ ಕ್ಲಾಸುಗಳಿವೆ. ಸೃಜನಶೀಲ ಉತ್ತರಗಳನ್ನು ಅಲ್ಲಿ ಮಕ್ಕಳು ಉರು ಹೊಡೆಯುತ್ತಿದ್ದಾರೆ.