ಅವನೋ, ಇವನೋ?

ಒಬ್ಬರನ್ನು ಮತ್ತೊಬ್ಬರೆಂದು ಭ್ರಮಿಸುವುದರಿಂದ ಹುಟ್ಟುವ ಕುತೂಹಲದ ಕಾದಂಬರಿಗಳನ್ನು ಕುರಿತು ಓದುಗರು ಏನೆನ್ನುವರೆಂಬುದನ್ನು ಈ ಹೊತ್ತು ವಿಚಾರಿಸೋಣ. ಇಂಥ ಪುಸ್ತಕವನ್ನು ಹಗಲೆಲ್ಲ ಬೀರುವಿನಲ್ಲಿ ಅಡಗಿಸಿಟ್ಟು ರಾತ್ರಿ ದೀಪದ ಮುಂದೆ ಓದುವ ವಿದ್ಯಾವಂತರು ನಮ್ಮ ನಗರಗಳಲ್ಲಿ ಕಡಿಮೆಯಿಲ್ಲ. ಅಭಿಪ್ರಾಯ ಕೇಳಿದರೆ ಮಾತ್ರ ಸಂಕೋಚಪಡುತ್ತಾರೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಓದುಗರಲ್ಲಿ ಆ ಸಂಕೋಚವನ್ನು ನಾವು ಕಾಣಲಿಲ್ಲ. “ಗುಟ್ಟು ಒಮ್ಮೆ ಗೊತ್ತಾತಂದ್ರ ಮತ್ತ ಆ ಪುಸ್ತಕಾ ಯಾಕ ಓದಬೇಕ್ರಿ?” ಎಂದರು ಒಬ್ಬರು. “ಬರದಾಂವ ತನಗ ಗೊತ್ತಿದ್ದದ್ದು ಮುಚ್ಚಿಟ್ಟು ನಮ್ಮನ್ನ ಮಳ್ಳ ಮಾಡ್ಯಾನ್ರಿ” ಎಂದರು ಮತ್ತೊಬ್ಬರು. ಎರಡೂ ಒಂದೇ ದೂರೆಂದು ತೋರಬಹುದು. ನಮ್ಮ ಮಟ್ಟಿಗೆ ಮೊದಲನೆಯದು ಒಪ್ಪತಕ್ಕುದಲ್ಲ, ಎರಡನೆಯದರಲ್ಲಿ ನ್ಯಾಯವುಂಟು.

ಮೊದಲನೆಯದಕ್ಕೆ ಉತ್ತರ ಆ ಸೀಮೆಯಲ್ಲಿಯೇ ದೊರೆಯುತ್ತದೆ. ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ನಾಟಕವನ್ನು ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರು ‘ನಗದವರನ್ನು ನಗಿಸುವ ಕಥೆ’ ಎಂಬ ಹೆಸರಿನಿಂದ 1871ರಲ್ಲಿ ಕನ್ನಡಕ್ಕೆ ತಂದರು. ಬಳಿಕ ಅದೇ ಕಥೆ ಈಶ್ವರಚಂದ್ರ ವಿದ್ಯಾಸಾಗರರ ಬಂಗಾಳಿಯ ಮೂಲಕ, ಬಿ. ವೆಂಕಟಾಚಾರ್ಯರ ‘ಭ್ರಾಂತಿವಿಲಾಸ’ವಾಗಿ ಮೈಸೂರು ಸೀಮೆಯ ಓದುಗರನ್ನೂ ಮುಟ್ಟಿತು. ಅವಳಿ ಅಣ್ಣತಮ್ಮಂದಿರು, ಅವಳಿ ಸೇವಕರು, ಊರೆಲ್ಲ ಗೊಂದಲ. ಮೂಲನಾಟಕದ ಮೊದಲ ಅಂಕದಲ್ಲಿಯೇ ಮುದಿ ತಂದೆಯ ಬಾಯಿಂದ ಗುಟ್ಟು ಹೊರಬೀಳುತ್ತದೆ, ಆದಕಾರಣ ನಗುತ್ತೇವೆ. ಆ ಒಂದು ಭಾಗವನ್ನು ತೆಗೆದುಬಿಟ್ಟು ನೋಡಿರಿ. ಪರಸ್ಥಳದಿಂದ ಬಂದವನನ್ನು ದಾರಿಹೋಕರು ಹೆಸರು ಹಿಡಿದು ಕರೆಯುತ್ತಾರೆ. ಕಂಡರಿಯದ ಹೆಂಗಸು ಗಂಡನೆಂದು ಊಟಕ್ಕೆ ಕರೆದೊಯ್ಯುತ್ತಾಳೆ. ಅಕ್ಕಸಾಲಿಗ ಹಣ ಕೇಳದೆ ಚಿನ್ನದ ಸರ ಕೊಡುತ್ತಾನೆ. ಇದು ನಗೆಯೇ? ಆ ಬಡಪಾಯಿ ಊರೇ ಮಾಟಗಾರರದೆಂದು ನಡುಗುತ್ತಾನೆ. ಓದುಗನೂ ನಡುಗುತ್ತಿದ್ದನು. ಅತ್ತ ಆ ಮುದುಕನ ತಲೆಯ ಮೇಲೆ ಸಂಜೆಯೊಳಗಿನ ಮರಣದಂಡನೆ ತೂಗುತ್ತಿರುವುದನ್ನೂ ಮರೆಯಬಾರದು.

ಗುಟ್ಟು ತಿಳಿದೂ ಎದೆ ಡವಗುಟ್ಟುವ ಕಥೆ ಬೇಕಾದರೆ ಕರ್ಣನಲ್ಲಿಗೆ ಹೋಗಬೇಕು. ಕುಮಾರವ್ಯಾಸನ ಊರೆನ್ನುವ ಕೋಳಿವಾಡ ಅಣ್ಣಿಗೇರಿಗೆ ದೂರವಲ್ಲ. ಪಂಪನ ತಾಯಿ ಅಬ್ಬಣಬ್ಬೆಯಂತೂ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಜಿನವಲ್ಲಭನ ಶಾಸನ ಹೇಳುತ್ತದೆ. ಕರ್ಣನ ವಿಷಯದಲ್ಲಿ ಆ ಊರವರಿಗೆ ಒಂದು ಬಗೆಯ ತವರಿನ ಹಕ್ಕೇ ಉಂಟು. ಭಾರತ ಓದುವಲ್ಲಿ ಕುಳಿತ ಅಜ್ಜಿಗೂ ಕರ್ಣನು ಯಾರ ಮಗನೆಂದು ಗೊತ್ತು. ಗೊತ್ತಿಲ್ಲದವನು ಕರ್ಣನೊಬ್ಬನೇ, ಅವನನ್ನು ಸೂತನೆಂದು ಹಳಿಯುವ ತಮ್ಮಂದಿರು ಮಾತ್ರ. ಕೃಷ್ಣನು ಅವನನ್ನು ರಥಕ್ಕೇರಿಸಿಕೊಂಡು ಮಾತು ತೆಗೆಯುವಾಗ ಸಭೆ ಉಸಿರು ಬಿಗಿಹಿಡಿಯುತ್ತದೆ. ಇವನು ಯಾರೆಂಬುದಲ್ಲ, ತಿಳಿದ ಮೇಲೆ ಇವನೇನು ಮಾಡುವನೆಂಬುದು ಅಲ್ಲಿಯ ಕಾತರ.

ಇನ್ನು ಎರಡನೆಯ ದೂರು. ವಿಲ್ಕಿ ಕಾಲಿನ್ಸನ ‘ದಿ ವುಮನ್ ಇನ್ ವೈಟ್’ 1859–60ರಲ್ಲಿ ಡಿಕನ್ಸನ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂದಿತು. ಅಲ್ಲಿ ದುಷ್ಟರು ಲಾರಾ ಎಂಬ ಸಿರಿವಂತ ಹೆಂಗಸನ್ನು ಅವಳನ್ನೇ ಹೋಲುವ ಬೇರೊಬ್ಬಳ ಹೆಸರಿನಲ್ಲಿ ಹುಚ್ಚರ ಆಸ್ಪತ್ರೆಗೆ ಸೇರಿಸುತ್ತಾರೆ. ಸತ್ತವಳು ಆ ಬೇರೊಬ್ಬಳು; ಗೋರಿಗಲ್ಲಿನ ಮೇಲಿನ ಹೆಸರು ಲಾರಾಳದು. ಬಿಡಿಸಿಕೊಂಡು ತಂದ ಮೇಲೂ ಸ್ವಂತ ಚಿಕ್ಕಪ್ಪನೇ ಅವಳನ್ನು ಗುರುತಿಸಲೊಲ್ಲನು. ಹೆಸರು ಹೋದುದರೊಂದಿಗೆ ಆಸ್ತಿಯೂ ಮನೆಯೂ ಬಳಗವೂ ಹೋದವು. ಅವಳನ್ನು ಅವಳೆಂದು ಸಿದ್ಧಮಾಡಲು ಉಳಿದುದು ಒಂದೇ ಸಾಕ್ಷಿ: ಮರಣಪತ್ರದಲ್ಲಿ ಬರೆದ ದಿನದ ಮರುದಿನ ಅವಳು ಲಂಡನ್ನಿಗೆ ಬಂದಿಳಿದಳೆಂಬುದು.

ಓದುಗನ ಕಣ್ಣು ಬಿದ್ದುದೂ ಅಲ್ಲಿಯೇ. 1860ರಲ್ಲಿ ‘ಟೈಮ್ಸ್’ ಪತ್ರಿಕೆಯ ವಿಮರ್ಶಕನು ಕಥೆಯೊಳಗಿನ ತಾರೀಖುಗಳನ್ನು ಒಂದೊಂದಾಗಿ ಲೆಕ್ಕ ಹಾಕಿ, ಗ್ರಂಥಕರ್ತನು ಸುಮಾರು ಹದಿನೈದು ದಿನ ತಪ್ಪಿದ್ದಾನೆಂದು ತೋರಿಸಿದನು. ಇಡಿಯ ಕಥೆ ತಾರೀಖೊಂದರ ಮೇಲೆ ನಿಂತಿರುವಾಗ ಇದು ಸಣ್ಣ ಮಾತಲ್ಲ. ಗುಟ್ಟನ್ನು ಎಷ್ಟು ಹೊತ್ತಾದರೂ ಮುಚ್ಚಿಡುವ ಅಧಿಕಾರ ಬರೆಯುವವನಿಗುಂಟು; ಅದನ್ನು ಬಿಡಿಸಲು ಕೊಟ್ಟ ಲೆಕ್ಕ ಮಾತ್ರ ಸರಿಯಿರಬೇಕು. ಆ ವಿಮರ್ಶಕನು ಕೇಳಿದುದೂ, ನಮ್ಮ ಅಣ್ಣಿಗೇರಿಯ ಎರಡನೆಯ ಮಿತ್ರರು ಕೇಳುವುದೂ ಇಷ್ಟನ್ನೇ. ಕಾಲಿನ್ಸನು ಜಗಳಕ್ಕೆ ನಿಲ್ಲಲಿಲ್ಲ; ತಪ್ಪೊಪ್ಪಿ, 1861ರ ಮುದ್ರಣದಲ್ಲಿ ತಾರೀಖುಗಳನ್ನು ತಿದ್ದಿದನು.