ಸಂಸತ್ತಿನ ಎರಡು ಸದನಗಳು ಮತ್ತು ನಮ್ಮ ಕಾಡು

(ಗ್ರಾಮಸಭಾ ಸದಸ್ಯರು ಹಾಗೂ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಅಧ್ಯಯನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅರಣ್ಯ ಹಕ್ಕಿಗಾಗಿ ಸಲ್ಲಿಸಿದ ಅರ್ಜಿಯು ತಿರಸ್ಕೃತವಾದಾಗ ಕೈಗೆ ಬರುವ ಹಿಂಬರಹದಲ್ಲಿ ಸಾಮಾನ್ಯವಾಗಿ ಒಂದು ಮಾತು ಇರುತ್ತದೆ: ‘ಎಪ್ಪತ್ತೈದು ವರ್ಷಗಳ ವಾಸದ ಸಾಕ್ಷ್ಯ ಒದಗಿಸಿರುವುದಿಲ್ಲ.’ ಆ ಎಪ್ಪತ್ತೈದು ವರ್ಷ ಎಲ್ಲಿಂದ ಬಂತು? ಅದನ್ನು ಬರೆದವರು ಯಾರು? ಬರೆಯುವ ಹೊತ್ತಿಗೆ ನಾವು ಎಲ್ಲಿದ್ದೆವು? ಈ ಪ್ರಶ್ನೆಗಳಿಗೆ ಉತ್ತರ ತಾಲ್ಲೂಕು ಕಚೇರಿಯಲ್ಲಿ ಸಿಕ್ಕುವುದಿಲ್ಲ. ಅದಕ್ಕಾಗಿ ದೆಹಲಿಯ ಸಂಸತ್ತು ಹೇಗೆ ರಚನೆಯಾಗಿದೆ, ಅಲ್ಲಿ ಕಾನೂನು ಯಾವ ದಾರಿಯಲ್ಲಿ ಸಾಗಿ ಬರುತ್ತದೆ ಎಂಬುದನ್ನು ತಿಳಿಯಬೇಕು.

ಎರಡು ಸದನಗಳು ಏಕೆ?

ಸಂವಿಧಾನದ 79ನೆಯ ವಿಧಿಯ ಪ್ರಕಾರ ಸಂಸತ್ತು ಎಂದರೆ ರಾಷ್ಟ್ರಪತಿ, ರಾಜ್ಯಸಭೆ ಮತ್ತು ಲೋಕಸಭೆ, ಈ ಮೂರೂ ಸೇರಿದ್ದು. ಲೋಕಸಭೆಯ 543 ಸದಸ್ಯರನ್ನು ಜನರೇ ನೇರವಾಗಿ ಆರಿಸುತ್ತಾರೆ. ಅವರಲ್ಲಿ 28 ಮಂದಿ ಕರ್ನಾಟಕದವರು. ಅದರ ಅವಧಿ ಐದು ವರ್ಷ. ಅದಕ್ಕೆ ಮೊದಲೇ ವಿಸರ್ಜನೆಯೂ ಆಗಬಹುದು.

ರಾಜ್ಯಸಭೆ ವಿಸರ್ಜನೆಯಾಗದ ಸದನ. ಅದರ 245 ಸ್ಥಾನಗಳಲ್ಲಿ 233 ಚುನಾಯಿತ, 12 ರಾಷ್ಟ್ರಪತಿಯವರ ನಾಮನಿರ್ದೇಶನ. ಚುನಾಯಿತ ಸದಸ್ಯರನ್ನು ಬಹುಮಟ್ಟಿಗೆ ರಾಜ್ಯಗಳ ಶಾಸಕರು ಆರಿಸುತ್ತಾರೆ. ಆರು ವರ್ಷದ ಅವಧಿ; ಎರಡು ವರ್ಷಕ್ಕೊಮ್ಮೆ ಮೂರನೆಯ ಒಂದು ಭಾಗ ನಿವೃತ್ತಿ. ಕರ್ನಾಟಕಕ್ಕೆ 12 ಸ್ಥಾನಗಳಿವೆ. ಉತ್ತರ ಪ್ರದೇಶಕ್ಕೆ 31, ಅರುಣಾಚಲ ಪ್ರದೇಶಕ್ಕೆ ಒಂದೇ ಒಂದು.

ಒಬ್ಬರು ಆರಿಸಿದ ಅಡಕೆಯನ್ನು ಇನ್ನೊಬ್ಬರು ಮತ್ತೊಮ್ಮೆ ಆರಿಸಿದರೆ ಕೊಳೆತದ್ದು ಕಣ್ಣಿಗೆ ಬೀಳುವ ಸಂಭವ ಹೆಚ್ಚು. ಎರಡನೆಯ ಸದನದ ಮೊದಲ ಉದ್ದೇಶ ಅದೇ. ರಾಜ್ಯಗಳ ದನಿ ದೆಹಲಿಯಲ್ಲಿ ಕೇಳಿಸಬೇಕೆಂಬುದು ಎರಡನೆಯದು. ಆದರೆ 2003ರ ತಿದ್ದುಪಡಿಯ ನಂತರ ಒಂದು ರಾಜ್ಯದಿಂದ ರಾಜ್ಯಸಭೆಗೆ ಆಯ್ಕೆಯಾಗುವವರು ಆ ರಾಜ್ಯದ ಮತದಾರರೇ ಆಗಿರಬೇಕೆಂಬ ನಿಯಮ ಉಳಿದಿಲ್ಲ ಎಂಬುದನ್ನೂ ನಾವು ನೆನಪಿಡಬೇಕು.

ಕಾಡಿನ ವಿಷಯ ಮೂಲ ಸಂವಿಧಾನದಲ್ಲಿ ರಾಜ್ಯ ಪಟ್ಟಿಯಲ್ಲಿತ್ತು. ಆದ್ದರಿಂದಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯನ್ನು ಮಾಡಲು ಕೆಲವು ರಾಜ್ಯಗಳ ವಿಧಾನಮಂಡಲಗಳು ನಿರ್ಣಯದ ಮೂಲಕ ಸಂಸತ್ತನ್ನು ಕೋರಬೇಕಾಯಿತು. 1976ರ 42ನೆಯ ತಿದ್ದುಪಡಿಯು ಅರಣ್ಯ ಮತ್ತು ವನ್ಯಜೀವಿಗಳನ್ನು ಸಮವರ್ತಿ ಪಟ್ಟಿಗೆ ಸೇರಿಸಿತು. ಅಂದಿನಿಂದ ನಮ್ಮ ಕಾಡಿನ ಬಗ್ಗೆ ಬೆಂಗಳೂರು, ದೆಹಲಿ ಎರಡೂ ಕಾನೂನು ಮಾಡಬಹುದು. ಎರಡರ ನಡುವೆ ವಿರೋಧ ಬಂದರೆ ಸಾಮಾನ್ಯವಾಗಿ ದೆಹಲಿಯದೇ ನಿಲ್ಲುತ್ತದೆ.

ಒಂದು ಮಸೂದೆಯ ಪಯಣ

ಅರಣ್ಯ ಹಕ್ಕು ಕಾಯಿದೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮಸೂದೆಯನ್ನು 2005ರ ಡಿಸೆಂಬರ್ 13ರಂದು ಲೋಕಸಭೆಯಲ್ಲಿ ಮಂಡಿಸಲಾಯಿತು. ಇದು ಮೊದಲ ವಾಚನ. ಆಗ ಅದರ ಹೆಸರಿನಲ್ಲಿ ಇದ್ದದ್ದು ಅನುಸೂಚಿತ ಬುಡಕಟ್ಟುಗಳು ಮಾತ್ರ. ಭೂಮಿಯ ಮೇಲಿನ ಹಕ್ಕಿಗೆ ನಿಗದಿಯಾಗಿದ್ದ ದಿನಾಂಕ 1980ರ ಅಕ್ಟೋಬರ್ 25. ಗರಿಷ್ಠ ಮಿತಿ 2.5 ಹೆಕ್ಟೇರ್. ಬುಡಕಟ್ಟಿಗೆ ಸೇರದ, ಆದರೆ ತಲೆಮಾರುಗಳಿಂದ ಕಾಡಂಚಿನಲ್ಲಿ ಬದುಕಿದ ಮಲೆನಾಡಿನ ಕುಟುಂಬಗಳಿಗೆ ಆ ಕಾಗದದಲ್ಲಿ ಎಡೆಯೇ ಇರಲಿಲ್ಲ.

ಎರಡನೆಯ ವಾಚನದಲ್ಲಿ ಮಸೂದೆಯ ತತ್ತ್ವದ ಮೇಲೆ ಚರ್ಚೆ, ಬಳಿಕ ಒಂದೊಂದೇ ಖಂಡದ ಮೇಲೆ ಮತದಾನ ನಡೆಯುತ್ತದೆ. ಅದಕ್ಕೆ ಮುನ್ನ ಮಸೂದೆಯನ್ನು ಸಮಿತಿಗೆ ಒಪ್ಪಿಸುವ ಅವಕಾಶವಿದೆ. ಈ ಮಸೂದೆಯು ಎರಡೂ ಸದನಗಳ ಸದಸ್ಯರಿದ್ದ, ವಿ. ಕಿಶೋರ್ ಚಂದ್ರ ದೇವ್ ಅಧ್ಯಕ್ಷತೆಯ ಜಂಟಿ ಸಮಿತಿಗೆ ಹೋಯಿತು. ಸಮಿತಿಯು 2006ರ ಮೇ ತಿಂಗಳಿನಲ್ಲಿ ವರದಿ ಕೊಟ್ಟಿತು. ಇತರ ಪಾರಂಪರಿಕ ಅರಣ್ಯವಾಸಿಗಳನ್ನೂ ಸೇರಿಸಬೇಕು, ದಿನಾಂಕವನ್ನು ಮಸೂದೆ ಮಂಡನೆಯಾದ 2005ರ ಡಿಸೆಂಬರ್ 13ಕ್ಕೆ ತರಬೇಕು ಎಂಬ ಶಿಫಾರಸುಗಳು ಅದರಲ್ಲಿದ್ದವು. ಇವು ಕಾಯಿದೆಯೊಳಗೆ ಬಂದವು. ಗರಿಷ್ಠ ಮಿತಿ 4 ಹೆಕ್ಟೇರ್ ಆಯಿತು. ಜೊತೆಗೆ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ತಲೆಮಾರಿಗೆ ಇಪ್ಪತ್ತೈದು ವರ್ಷದಂತೆ, ವಾಸವಿದ್ದಿರಬೇಕೆಂಬ ವ್ಯಾಖ್ಯೆಯೂ ಬಂತು. ನಮ್ಮನ್ನು ಕಾನೂನಿನೊಳಗೆ ಕರೆದುಕೊಂಡ ವಾಕ್ಯವೂ, ನಮ್ಮ ಅನೇಕ ಅರ್ಜಿಗಳನ್ನು ಹೊರಗಟ್ಟುವ ವಾಕ್ಯವೂ ಒಂದೇ ಪಯಣದಲ್ಲಿ ಹುಟ್ಟಿದವು.

ಕೊನೆಯದು ಮೂರನೆಯ ವಾಚನ; ಇಡೀ ಮಸೂದೆಯ ಮೇಲಿನ ಮತ. 2006ರ ಡಿಸೆಂಬರ್‌ನಲ್ಲಿ ಲೋಕಸಭೆಯೂ ಅದರ ಬೆನ್ನಿಗೇ ರಾಜ್ಯಸಭೆಯೂ ಒಪ್ಪಿದವು. ಡಿಸೆಂಬರ್ 29ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು. ಆದರೂ ಕಾಯಿದೆ ಜಾರಿಗೆ ಬಂದದ್ದು 2007ರ ಡಿಸೆಂಬರ್ 31ರಂದು. ನಿಯಮಗಳು ಪ್ರಕಟವಾದದ್ದು 2008ರ ಜನವರಿಯಲ್ಲಿ. ಅಂಕಿತವೇ ಜಾರಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಸದನಗಳು ಒಪ್ಪದಿದ್ದರೆ?

ಒಂದು ಸದನ ಒಪ್ಪಿದ್ದನ್ನು ಇನ್ನೊಂದು ತಿರಸ್ಕರಿಸಿದರೆ, ಅಥವಾ ಆರು ತಿಂಗಳಿಗೂ ಹೆಚ್ಚು ಕಾಲ ಅಂಗೀಕರಿಸದೆ ಇಟ್ಟುಕೊಂಡರೆ, 108ನೆಯ ವಿಧಿಯನ್ವಯ ರಾಷ್ಟ್ರಪತಿಯವರು ಜಂಟಿ ಅಧಿವೇಶನ ಕರೆಯಬಹುದು. ಅಲ್ಲಿ ಸಂಖ್ಯಾಬಲವಿರುವ ಲೋಕಸಭೆಯ ಮಾತೇ ನಡೆಯುವ ಸಂಭವ ಹೆಚ್ಚು. 1961, 1978 ಮತ್ತು 2002ರಲ್ಲಿ ಮಾತ್ರ ಹೀಗೆ ಮಸೂದೆಗಳು ಅಂಗೀಕಾರವಾಗಿವೆ. ಸಂವಿಧಾನ ತಿದ್ದುಪಡಿಗೆ ಈ ದಾರಿ ಇಲ್ಲ. ಎರಡೂ ಸದನಗಳು ಪ್ರತ್ಯೇಕವಾಗಿ ವಿಶೇಷ ಬಹುಮತದಿಂದ ಒಪ್ಪಲೇಬೇಕು. ಹಣಕಾಸು ಸಂಬಂಧದ ಧನ ಮಸೂದೆಯಲ್ಲಿ ರಾಜ್ಯಸಭೆ ಹದಿನಾಲ್ಕು ದಿನಗಳೊಳಗೆ ಸಲಹೆ ಕೊಡಬಹುದೇ ಹೊರತು ತಡೆಯಲಾಗದು. ಯಾವುದು ಧನ ಮಸೂದೆ ಎಂದು ಪ್ರಮಾಣೀಕರಿಸುವವರು ಲೋಕಸಭಾಧ್ಯಕ್ಷರು.

ಸಂಸತ್ತು ಸೇರಿಲ್ಲದಾಗ ಸುಗ್ರೀವಾಜ್ಞೆ ಹೊರಡಿಸಬಹುದು. 1980ರ ಅರಣ್ಯ ಸಂರಕ್ಷಣಾ ಕಾಯಿದೆ ಮೊದಲು ಬಂದದ್ದು ಆ ವರ್ಷದ ಅಕ್ಟೋಬರ್ 25ರ ಸುಗ್ರೀವಾಜ್ಞೆಯ ರೂಪದಲ್ಲಿಯೇ. ಆಮೇಲೆ ಅದನ್ನು ಸಂಸತ್ತು ಕಾಯಿದೆಯಾಗಿಸಿತು.

ಸಮಿತಿ ಎಂಬ ಬಾಗಿಲು

ಮಿತ್ರರೇ, ಸದನದ ಭಾಷಣಗಳು ನಮಗೆ ಕಾಣುತ್ತವೆ. ಆದರೆ ಮಸೂದೆಯ ಅಕ್ಷರಗಳನ್ನು ಬಿಡಿಸಿ ನೋಡುವ ಕೆಲಸ ಸಮಿತಿಯಲ್ಲಿ ನಡೆಯುತ್ತದೆ. ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಲ್ಲಿ ಆರಂಭವಾದವು; 2004ರಿಂದ ಅವುಗಳ ಸಂಖ್ಯೆ 24. ಪ್ರತಿಯೊಂದರಲ್ಲಿಯೂ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರು. ಪರಿಸರ ಮತ್ತು ಅರಣ್ಯದ ವಿಷಯ ವಿಜ್ಞಾನ, ತಂತ್ರಜ್ಞಾನಗಳೊಂದಿಗೆ ಸೇರಿದ ಒಂದು ಸಮಿತಿಗೆ ಬರುತ್ತದೆ. ಸಮಿತಿಗಳು ಪತ್ರಿಕಾ ಪ್ರಕಟಣೆಯ ಮೂಲಕ ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯ ಕೇಳುವ ಪದ್ಧತಿ ಇದೆ. ಗ್ರಾಮಸಭೆಯ ನಿರ್ಣಯವೊಂದು ಸಂಸತ್ತಿನ ಒಳಗೆ ಹೋಗಬಹುದಾದ ಬಾಗಿಲು ಇದು.

ಈ ಬಾಗಿಲು ಯಾವಾಗಲೂ ಒಂದೇ ರೀತಿ ತೆರೆದಿರುವುದಿಲ್ಲ. ಮಸೂದೆಯನ್ನು ಸಮಿತಿಗೆ ಕಳಿಸಲೇಬೇಕೆಂಬ ಕಡ್ಡಾಯವಿಲ್ಲ. ಅರಣ್ಯ ಸಂರಕ್ಷಣಾ ತಿದ್ದುಪಡಿ ಮಸೂದೆ 2023ರ ಮಾರ್ಚ್ 29ರಂದು ಮಂಡನೆಯಾದಾಗ ಅದನ್ನು ಸ್ಥಾಯಿ ಸಮಿತಿಗೆ ಕೊಡದೆ ಬೇರೊಂದು ಜಂಟಿ ಸಮಿತಿಗೆ ಒಪ್ಪಿಸಲಾಯಿತು. ಆಗ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದವರು ಕರ್ನಾಟಕದಿಂದ ರಾಜ್ಯಸಭೆಗೆ ಹೋದ ಜೈರಾಮ್ ರಮೇಶ್. ಅವರು ಇದನ್ನು ಆಕ್ಷೇಪಿಸಿದರು. ಜಂಟಿ ಸಮಿತಿ ಯಾವ ಬದಲಾವಣೆಯನ್ನೂ ಸೂಚಿಸಲಿಲ್ಲ. ಕೆಲವು ಸದಸ್ಯರು ಭಿನ್ನಮತ ದಾಖಲಿಸಿದರು. ಲೋಕಸಭೆ ಜುಲೈ 26ರಂದು, ರಾಜ್ಯಸಭೆ ಆಗಸ್ಟ್ 2ರಂದು ಅಂಗೀಕರಿಸಿದವು. ಡಿಸೆಂಬರ್ 1ರಂದು ಜಾರಿಗೆ ಬಂತು. ಕಾಡು ಎಂಬ ಪದಕ್ಕೆ ನಿಘಂಟಿನ ಅರ್ಥವನ್ನೇ ಅನ್ವಯಿಸಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಈ ತಿದ್ದುಪಡಿಯು ಕಾಯಿದೆಯ ವ್ಯಾಪ್ತಿಯನ್ನು ಅಧಿಸೂಚಿತ ಹಾಗೂ ದಾಖಲಿತ ಅರಣ್ಯಕ್ಕೆ ಸೀಮಿತಗೊಳಿಸಲು ಹೊರಟಿತು. 2024ರ ಫೆಬ್ರವರಿಯಲ್ಲಿ, ಸದ್ಯಕ್ಕೆ 1996ರ ಅರ್ಥವನ್ನೇ ಪಾಲಿಸಬೇಕೆಂದು ನ್ಯಾಯಾಲಯ ಮಧ್ಯಂತರ ಆದೇಶ ನೀಡಿತು. ದಾಖಲೆಯಲ್ಲಿ ಕಾಡೆಂದು ಬರೆಯದ ಕಾಡುಗಳ ಹಣೆಬರಹ ಹೀಗೆ ಒಂದು ಪದದ ಮೇಲೆ ನಿಂತಿದೆ.

ಮತಕ್ಕೆ ಹೋಗದ ಕಾನೂನುಗಳು

ಇನ್ನೊಂದು ವಿಷಯ. ನಮ್ಮ ಊರುಗಳನ್ನು ಬಹಳ ಕಾಡಿದ ಪಶ್ಚಿಮಘಟ್ಟ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಮಸೂದೆಯಲ್ಲ, ಅಧಿಸೂಚನೆ. 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ ಸಚಿವಾಲಯವೇ ಅದನ್ನು ಹೊರಡಿಸುತ್ತದೆ. ಸದನದಲ್ಲಿ ಖಂಡಖಂಡವಾಗಿ ಮತಕ್ಕೆ ಹಾಕುವುದಿಲ್ಲ. 2014ರ ಮಾರ್ಚ್‌ನಲ್ಲಿ ಮೊದಲ ಕರಡು ಬಂತು. 2024ರ ಜುಲೈ 31ರದು ಆರನೆಯದು; ಅದರಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿತ್ತು. ಆಕ್ಷೇಪಣೆಗೆ ಕೊಟ್ಟ ಅವಧಿ ಅರವತ್ತು ದಿನ. ಪರವಾಗಿರಲಿ, ವಿರೋಧವಾಗಿರಲಿ, ಊರಿನ ಸರ್ವೆ ನಂಬರುಗಳ ಸಹಿತ ಬರೆದ ಒಂದು ಪತ್ರಕ್ಕೆ ಆ ಅರವತ್ತು ದಿನಗಳಲ್ಲಿ ಇರುವ ಬೆಲೆ ಆಮೇಲಿನ ನೂರು ಮೆರವಣಿಗೆಗೆ ಇರುವುದಿಲ್ಲ.

ನಾವು ಮಾಡಬಹುದಾದದ್ದು

ಒಂದು: ಕರಡು ಮಸೂದೆಗಳನ್ನು ಕನಿಷ್ಠ ಮೂವತ್ತು ದಿನ ಸಾರ್ವಜನಿಕರ ಮುಂದಿಡಬೇಕೆಂಬ ಕೇಂದ್ರದ ನೀತಿ 2014ರಿಂದ ಇದೆ. ಅದು ಕಾನೂನಲ್ಲ, ನೀತಿ ಮಾತ್ರ. ಆದರೂ ನಾವು ಕೇಳಬಹುದು. ಎರಡು: ಸಮಿತಿಗೆ ಲಿಖಿತ ಮನವಿ. ಮೂರು: ನಮ್ಮ ಲೋಕಸಭಾ ಸದಸ್ಯರಿಗೆ ಮಾತ್ರವಲ್ಲ, ರಾಜ್ಯಸಭೆಯಲ್ಲಿರುವ ಹನ್ನೆರಡು ಮಂದಿಗೂ ಪತ್ರ ಬರೆಯುವುದು. ಅವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆ? ನಾಲ್ಕು: ಸದಸ್ಯರೊಬ್ಬರ ಮೂಲಕ ಸದನದ ಅರ್ಜಿಗಳ ಸಮಿತಿಗೆ ಅಹವಾಲು ಒಪ್ಪಿಸುವುದು. ಖಾಸಗಿ ಸದಸ್ಯರ ಮಸೂದೆಯ ಮೇಲೆ ಹೆಚ್ಚು ಭರವಸೆ ಇಡುವಂತಿಲ್ಲ. 1970ರ ನಂತರ ಅಂಥ ಒಂದೂ ಕಾಯಿದೆಯಾಗಿಲ್ಲ. ಆದರೆ ಸದಸ್ಯರು ಕೇಳುವ ಪ್ರಶ್ನೆಗೆ ಮಂತ್ರಿ ಉತ್ತರ ಕೊಡಲೇಬೇಕಾಗುತ್ತದೆ, ಆ ಉತ್ತರ ದಾಖಲೆಯಾಗಿ ಉಳಿಯುತ್ತದೆ.

ಭಾಷೆಯ ಅಳುಕು ಬೇಡ. 1967ರಲ್ಲಿ ಶಿವಮೊಗ್ಗದಿಂದ ಆಯ್ಕೆಯಾದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿದರು. ಸಂವಿಧಾನದ 120ನೆಯ ವಿಧಿ ಅದಕ್ಕೆ ಎಡೆಮಾಡಿಕೊಟ್ಟಿದೆ.

ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಅಧಿವೇಶನ ಶುರುವಾದಾಗ ಅಲ್ಲಿ ಮಂಡನೆಯಾಗುವ ಮಸೂದೆಗಳ ಪಟ್ಟಿಯನ್ನು ತಂದು ನಿಮ್ಮ ಗ್ರಾಮಸಭೆಯಲ್ಲಿ ಓದಿ ಹೇಳಿ. ಕಾಡು, ನೀರು, ನೆಲದ ಮಾತು ಬಂದಲ್ಲಿ ನಿಲ್ಲಿಸಿ, ಹಿರಿಯರು ಏನೆನ್ನುತ್ತಾರೆಂದು ಬರೆದುಕೊಳ್ಳಿ. ತಿರಸ್ಕಾರದ ಹಿಂಬರಹ ಬಂದ ಮೇಲೆ ಓಡಾಡುವುದಕ್ಕಿಂತ, ವಾಕ್ಯ ಇನ್ನೂ ಮಸೂದೆಯಲ್ಲಿರುವಾಗಲೇ ಅದನ್ನು ಓದುವುದು ಮೇಲು.