ಕಣ್ಣೊಳಗೆ ಲೆನ್ಸ್ ನಿಲ್ಲಿಸುವ ಬಗೆ



ಕಣ್ಣಿನ ಪೊರೆಯ ಚಿಕಿತ್ಸೆಗೂ ಕೋಲ್ಕತ್ತಕ್ಕೂ ಹಳೆಯ ನಂಟಿದೆ. ಇಲ್ಲಿನ ಮೆಡಿಕಲ್ ಕಾಲೇಜು 1835ರಲ್ಲಿ ಆರಂಭವಾಯಿತು. ಅದೇ ಹೊತ್ತಿಗೆ ಪಂಡಿತ ಮಧುಸೂದನ ಗುಪ್ತರು ಸುಶ್ರುತ ಸಂಹಿತೆಯನ್ನು ಪರಿಷ್ಕರಿಸಿ ಇಲ್ಲೇ ಅಚ್ಚು ಹಾಕಿಸಿದರು. ಪೊರೆಯಿಂದ ಮಂಜಾದ ಮಸೂರವನ್ನು ಶಲಾಕೆಯೆಂಬ ಕಡ್ಡಿಯಂಥ ಸಲಕರಣೆಯಿಂದ ನೋಟದ ದಾರಿ ಬಿಟ್ಟು ಸರಿಸುವ ಕ್ರಮ ಆ ಗ್ರಂಥದಲ್ಲಿದೆ.

ಪೊರೆ ಹೋದರೆ ಬೆಳಕು ಬಂದೀತು, ಆದರೆ ಮಸೂರವೇ ಇಲ್ಲದೆ ಸ್ಪಷ್ಟ ನೋಟ ಬಾರದು. ಕರ್ನಾಟಕದ ಬೀಳಗಿಯವರಾದ ನೇತ್ರವೈದ್ಯ ಡಾ. ಎಂ. ಸಿ. ಮೋದಿ ಊರೂರಿಗೆ ಶಿಬಿರ ಒಯ್ದು ಲಕ್ಷಾಂತರ ಕಣ್ಣುಗಳ ಪೊರೆ ತೆಗೆದರು. ಆ ಕಾಲದ ಶಿಬಿರಗಳಲ್ಲಿ ಮಸೂರದ ಬದಲಿಗೆ ಸಿಗುತ್ತಿದ್ದದ್ದು ದಪ್ಪ ಗಾಜಿನ ಕನ್ನಡಕ. ಕಣ್ಣೊಳಗೇ ಲೆನ್ಸ್ ಇಡುವ ಸಾಹಸವನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರ ನವೆಂಬರ್ 29ರಂದು ಮಾಡಿದರು. ವಿಮಾನದ ಗಾಜಿಗೆ ಬಳಸುತ್ತಿದ್ದ ಅಕ್ರಿಲಿಕ್ಕಿನ ಚೂರು ಯುದ್ಧ ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಅವರು ಗಮನಿಸಿದ್ದರು.

ಇಂದು ಪೊರೆ ತೆಗೆದಾಗ ಮಸೂರದ ತೆಳು ಚೀಲವನ್ನು ಉಳಿಸಿಕೊಂಡು ಅದರಲ್ಲೇ ಹೊಸ ಲೆನ್ಸ್ ಕೂರಿಸುತ್ತಾರೆ. ಏಟು ಬಿದ್ದು ಚೀಲ ಹರಿದಿದ್ದರೆ, ಮಾರ್ಫನ್ ಕಾಯಿಲೆಯಿಂದ ಅದನ್ನು ಹಿಡಿದ ಎಳೆಗಳು ಸಡಿಲವಾಗಿದ್ದರೆ, ಶಸ್ತ್ರಚಿಕಿತ್ಸೆಯ ನಡುವೆಯೇ ಚೀಲ ಒಡೆದರೆ ಏನು ಗತಿ? ಆಸರೆಯಿಲ್ಲದ ಲೆನ್ಸ್ ಹಿಂದಕ್ಕೆ ಜಾರಿ ಅಕ್ಷಿಪಟಲದ ಮೇಲೆ ಬೀಳಬಹುದು.

ಇದಕ್ಕೆ ಹಲವು ದಾರಿಗಳಿವೆ. ಐರಿಸ್ ಪರದೆಯ ಮುಂದೆ ಲೆನ್ಸ್ ಇಡುವುದು ಸುಲಭ. ಆದರೆ ಹಳೆಯ ಮಾದರಿಗಳು ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಕೆಡಿಸಿದ್ದುಂಟು. ಐರಿಸ್ಸನ್ನೇ ಚಿವುಟಿ ಹಿಡಿಯುವ ಲೆನ್ಸನ್ನು ಡಚ್ ವೈದ್ಯ ಯಾನ್ ವೋರ್ಸ್ಟ್ ರೂಪಿಸಿದರು. ಕಣ್ಣಿನ ಬಿಳಿಭಾಗಕ್ಕೆ ಪಾಲಿಪ್ರೊಪಿಲೀನ್ ದಾರದಿಂದ ಹೊಲಿಯುವ ಕ್ರಮ ಬಹುಕಾಲ ನಡೆಯಿತು. ವರ್ಷಗಳು ಕಳೆದ ಮೇಲೆ ಕೂದಲಿಗಿಂತ ತೆಳುವಾದ ಆ ದಾರ ಸವೆದು ತುಂಡಾಗುತ್ತಿತ್ತು.

ದಾರವನ್ನೇ ಬಿಟ್ಟ ಕ್ರಮಗಳಲ್ಲಿ ಒಂದು ಕರ್ನಾಟಕದ ನೆರೆಯ ಚೆನ್ನೈಯದು. 2007ರಲ್ಲಿ ಡಾ. ಅಮರ್ ಅಗರ್ವಾಲ್ ಬಿಳಿಭಾಗದಲ್ಲಿ ಎದುರುಬದುರು ಎರಡು ಪದರ ಎತ್ತಿ, ಲೆನ್ಸಿಗೆ ಆಸರೆಯಾಗುವ ಅದರ ಎರಡು ಕಾಲುಗಳನ್ನು ಹೊರತಂದು ಸಣ್ಣ ಸುರಂಗಗಳಲ್ಲಿ ಸಿಕ್ಕಿಸಿ, ಫೈಬ್ರಿನ್ ಅಂಟಿನಿಂದ ಪದರಗಳನ್ನು ಮುಚ್ಚಿದರು. ಜಪಾನಿನ ಶಿನ್ ಯಮಾನೆ 2017ರಲ್ಲಿ ಪ್ರಕಟಿಸಿದ ಕ್ರಮಕ್ಕೆ ಅಂಟೂ ಬೇಡ. 30 ಗೇಜಿನ ಎರಡು ಸೂಜಿಗಳನ್ನು ಓರೆಯಾಗಿ ಚುಚ್ಚುತ್ತಾರೆ. ಲೆನ್ಸಿನ ಕಾಲನ್ನು ಸೂಜಿಯ ಕೊಳವೆಗೆ ತೂರಿಸಿ ಹೊರಗೆಳೆಯುತ್ತಾರೆ. ಅದರ ತುದಿಗೆ ಕಾವು ತೋರಿದೊಡನೆ ಪ್ಲಾಸ್ಟಿಕ್ ಕರಗಿ ಮೊಳೆಯ ತಲೆಯಂತೆ ಗುಂಡಗಾಗುತ್ತದೆ. ಆ ಗುಂಡನ್ನು ಬಿಳಿಭಾಗದೊಳಕ್ಕೆ ಒತ್ತಿಬಿಟ್ಟರೆ ಲೆನ್ಸ್ ನಿಂತಿತು. ಆದರೆ ಸೂಜಿ ಕೊರೆದ ಎರಡು ಸುರಂಗಗಳ ಕೋನ ಸರಿಹೊಂದದಿದ್ದರೆ ಲೆನ್ಸ್ ವಾಲುತ್ತದೆ.

ಇವುಗಳಲ್ಲಿ ಯಾವುದೂ ಎಲ್ಲ ಕಣ್ಣಿಗೂ ಒಗ್ಗುವುದಿಲ್ಲ. ಕಾರ್ನಿಯಾ, ಐರಿಸ್, ಬಿಳಿಭಾಗಗಳ ಸ್ಥಿತಿ ನೋಡಿ, ರೋಗಿಯ ವಯಸ್ಸು ನೋಡಿ ಆರಿಸಬೇಕು. ವೈದ್ಯರಿಗೆ ಒಂದಕ್ಕಿಂತ ಹೆಚ್ಚು ಕ್ರಮ ಕೈವಶವಾಗಿದ್ದರಷ್ಟೇ ಈ ಆಯ್ಕೆಗೆ ಅರ್ಥ. ಕೋಲ್ಕತ್ತದ ಪ್ರಾದೇಶಿಕ ನೇತ್ರವಿಜ್ಞಾನ ಸಂಸ್ಥೆಯಿಂದ ಬೆಂಗಳೂರಿನ ಮಿಂಟೋ ಆಸ್ಪತ್ರೆಯವರೆಗೆ, ಬಡವರು ಬರುವ ಸರ್ಕಾರಿ ಕಣ್ಣಾಸ್ಪತ್ರೆಗಳಲ್ಲೆಲ್ಲ ಈ ಕ್ರಮಗಳ ತರಬೇತಿಯೂ ಅವಕ್ಕೆ ತಕ್ಕ ಲೆನ್ಸುಗಳೂ ಸದಾ ಇರಬೇಕೆಂಬುದು ನನ್ನ ದೃಢ ಅಭಿಪ್ರಾಯ.

ತಮ್ಮಲ್ಲಿ ನನ್ನ ಕೋರಿಕೆ ಎರಡು. ಪೊರೆ ಚಿಕಿತ್ಸೆಯ ನಂತರ ಕೊಡುವ, ಕೂರಿಸಿದ ಲೆನ್ಸಿನ ವಿವರವಿರುವ ಕಾರ್ಡನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಹಿಂದೆಂದೋ ಲೆನ್ಸಿಲ್ಲದೆ ಶಸ್ತ್ರಚಿಕಿತ್ಸೆಯಾಗಿ ಇಂದಿಗೂ ದಪ್ಪ ಕನ್ನಡಕದಲ್ಲೇ ದಿನ ದೂಡುತ್ತಿರುವ ಹಿರಿಯರು ಮನೆಯಲ್ಲಿದ್ದರೆ, ವಯಸ್ಸಾಯಿತೆಂದು ಸುಮ್ಮನಾಗದೆ ಒಮ್ಮೆ ಕಣ್ಣಿನ ವೈದ್ಯರಿಗೆ ತೋರಿಸಿ. ಅವರಲ್ಲಿ ಅನೇಕರಿಗೆ ಈಗಲೂ ಲೆನ್ಸ್ ಕೂರಿಸಲು ಸಾಧ್ಯವಿದೆ.